ವಿಡಿಯೊ ಗೇಮ್‌ಗಳ ಸಾಹಿತ್ಯಕ ಅಧ್ಯಯನ

ವಿಡಿಯೊ ಗೇಮ್‌ಗಳ ಸಾಹಿತ್ಯಕ ಅಧ್ಯಯನವು ಗಣಕಯಂತ್ರ, ಕನ್ಸೋಲ್ ಮತ್ತು ಮೊಬೈಲ್‌ಗಳಲ್ಲಿ ಆಡುವ ಆಟಗಳನ್ನು ಕಾದಂಬರಿ, ನಾಟಕ ಹಾಗೂ ಕಾವ್ಯಗಳಂತೆಯೇ ಕೃತಿಗಳೆಂದು ಪರಿಗಣಿಸಿ ಅವುಗಳ ಓದು, ವಿಮರ್ಶೆ ಮತ್ತು ಬೋಧನೆಯಲ್ಲಿ ತೊಡಗುವ ವಿದ್ವತ್ ಕ್ಷೇತ್ರವಾಗಿದೆ. ಆಟದ ಕಥೆ, ಪಾತ್ರ, ಭಾಷೆ, ನಿರೂಪಣೆಗಳಷ್ಟೇ ಅಲ್ಲದೆ ಅದರ ನಿಯಮಗಳು ಮತ್ತು ಆಟಗಾರನು ಮಾಡಬೇಕಾದ ಕ್ರಿಯೆಗಳು ಸಹ ಅರ್ಥವನ್ನು ಹೇಗೆ ಹುಟ್ಟಿಸುತ್ತವೆ ಎಂಬುದು ಇದರ ಮುಖ್ಯ ಪ್ರಶ್ನೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಬಿಡಿ ಪ್ರಯತ್ನಗಳಾಗಿ ಆರಂಭವಾದ ಈ ಅಧ್ಯಯನವು 1997ರ ನಂತರ, ವಿಶೇಷವಾಗಿ ನಾರ್ಡಿಕ್ ದೇಶಗಳ ವಿದ್ವಾಂಸರ ಬರಹಗಳಿಂದ, ಸ್ವತಂತ್ರ ಶಿಸ್ತಿನ ರೂಪವನ್ನು ಪಡೆಯಿತು.

ಇದನ್ನು ಬೇರೆ ಎರಡು ಸಂಗತಿಗಳೊಂದಿಗೆ ಬೆರೆಸುವುದು ಸಾಮಾನ್ಯವಾಗಿದೆ. ಆಟಗಳನ್ನು ತಯಾರಿಸುವ ಕೌಶಲವನ್ನು ಕಲಿಸುವ ವೃತ್ತಿಶಿಕ್ಷಣ ಒಂದು. ಗಣಿತ, ವಿಜ್ಞಾನಗಳನ್ನು ಆಟದ ಮೂಲಕ ಸುಲಭಗೊಳಿಸುವ ಬೋಧನಕ್ರಮ ಇನ್ನೊಂದು. ಸಾಹಿತ್ಯಕ ಅಧ್ಯಯನದಲ್ಲಿ ಆಟವು ಸಾಧನವಲ್ಲ, ಪಠ್ಯ. ತರಗತಿಯಲ್ಲಿ 'ಮಲೆಗಳಲ್ಲಿ ಮದುಮಗಳು' ಓದಿಸುವ ಅಧ್ಯಾಪಕರಿಗೆ ಅದರಿಂದ ಮಲೆನಾಡಿನ ಭೂಗೋಳವನ್ನು ಕಲಿಸುವ ಉದ್ದೇಶವಿರುವುದಿಲ್ಲ, ಇಲ್ಲಿಯೂ ಹಾಗೆಯೇ.

ಆರಂಭದ ಕೃತಿಗಳು

ಈ ಅಧ್ಯಯನದ ಮೊದಲ ವಸ್ತುಗಳು ಚಿತ್ರಗಳೇ ಇಲ್ಲದ ಆಟಗಳು. ಅಮೆರಿಕದ ಪ್ರೋಗ್ರಾಮರ್ ಹಾಗೂ ಗುಹಾನ್ವೇಷಕ ವಿಲ್ ಕ್ರೌದರ್ 1975-76ರ ವೇಳೆಗೆ ಕೆಂಟಕಿಯ ಮ್ಯಾಮತ್ ಗುಹಾಶ್ರೇಣಿಯಲ್ಲಿ ತಾವು ಕಂಡ ದಾರಿಗಳನ್ನು ಆಧರಿಸಿ, ತಮ್ಮ ಹೆಣ್ಣುಮಕ್ಕಳು ಆಡಲೆಂದು 'ಅಡ್ವೆಂಚರ್' ಎಂಬ ಪ್ರೋಗ್ರಾಮ್ ಬರೆದರು. 1977ರಲ್ಲಿ ಸ್ಟ್ಯಾನ್‌ಫರ್ಡ್‌ನ ಡಾನ್ ವುಡ್ಸ್ ಅದನ್ನು ವಿಸ್ತರಿಸಿದರು. ಯಂತ್ರವು ಒಂದು ಸ್ಥಳವನ್ನು ಗದ್ಯದಲ್ಲಿ ವರ್ಣಿಸುತ್ತದೆ. ಓದುಗನು ಒಂದೆರಡು ಪದಗಳ ಆಜ್ಞೆಯನ್ನು ಟೈಪ್ ಮಾಡುತ್ತಾನೆ. ಅದಕ್ಕೆ ತಕ್ಕಂತೆ ಮುಂದಿನ ವರ್ಣನೆ ಬರುತ್ತದೆ. ಕಥಾನಾಯಕನನ್ನು 'ಅವನು' ಎಂದು ದೂರವಿಡದೆ 'ನೀನು' ಎಂದು ಸಂಬೋಧಿಸುವ ಮಧ್ಯಮಪುರುಷದ ನಿರೂಪಣೆ ಇಲ್ಲಿಂದಲೇ ಈ ಪ್ರಕಾರಕ್ಕೆ ಅಂಟಿಕೊಂಡಿತು.

ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 'ಜೋರ್ಕ್' ರಚಿಸಿದವರು ಮತ್ತು ಅವರ ಸಂಗಡಿಗರು 1979ರಲ್ಲಿ ಇನ್ಫೊಕಾಮ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಪ್ರಕಟಣೆಗಳಲ್ಲಿ ಸ್ಟೀವ್ ಮೆರೆಟ್ಸ್‌ಕಿ ಬರೆದ 'ಎ ಮೈಂಡ್ ಫಾರೆವರ್ ವಾಯೇಜಿಂಗ್' (1985) ಸಾಹಿತ್ಯಾಸಕ್ತರ ಗಮನವನ್ನು ಹೆಚ್ಚಾಗಿ ಸೆಳೆದಿದೆ. ಶೀರ್ಷಿಕೆಯು ವರ್ಡ್ಸ್‌ವರ್ತ್ ಕವಿಯ 'ದ ಪ್ರಿಲ್ಯೂಡ್'ನಿಂದ ಬಂದದ್ದು. ಆಟಗಾರನು ಇಲ್ಲಿ ಪ್ರಜ್ಞೆಯುಳ್ಳ ಗಣಕಯಂತ್ರ; ಸರ್ಕಾರದ ಯೋಜನೆಯೊಂದು ಜಾರಿಯಾದರೆ ಅಮೆರಿಕದ ಒಂದು ಪಟ್ಟಣವು ದಶಕದಿಂದ ದಶಕಕ್ಕೆ ಏನಾಗುತ್ತದೆ ಎಂಬುದನ್ನು ಆ ಪಟ್ಟಣದ ಕಲ್ಪಿತ ಪ್ರತಿರೂಪದಲ್ಲಿ ತಿರುಗಾಡಿ ದಾಖಲಿಸುವುದು ಅವನ ಕೆಲಸ. ಬಿಡಿಸಬೇಕಾದ ಒಗಟುಗಳು ಬಹಳ ಕಡಿಮೆ, ನೋಡಬೇಕಾದದ್ದು ಬಹಳ. ಇದಕ್ಕೆ ಒಂದು ವರ್ಷ ಮೊದಲು ಕವಿ ರಾಬರ್ಟ್ ಪಿನ್ಸ್‌ಕಿ 'ಮೈಂಡ್‌ವೀಲ್' ಎಂಬ ಪಠ್ಯಾಧಾರಿತ ಕೃತಿಯನ್ನು ರಚಿಸಿದ್ದರು. ಅವರು 1997ರಿಂದ 2000ದವರೆಗೆ ಅಮೆರಿಕದ ರಾಷ್ಟ್ರಕವಿ ಸ್ಥಾನದಲ್ಲಿದ್ದವರು.

ಮೇರಿ ಆನ್ ಬಕಲ್ಸ್ 1985ರಲ್ಲಿ ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ 'ಅಡ್ವೆಂಚರ್' ಕುರಿತು ಸಲ್ಲಿಸಿದ ಪಿಎಚ್.ಡಿ. ಪ್ರಬಂಧವನ್ನು ಈ ಕ್ಷೇತ್ರದ ಮೊದಲ ಪ್ರೌಢ ಬರಹವೆಂದು ಪರಿಗಣಿಸುವುದು ವಾಡಿಕೆ. ಗಣಕಯಂತ್ರದ ಆಟವೊಂದನ್ನು ಸಾಹಿತ್ಯ ವಿಭಾಗದ ಸಂಶೋಧನೆಗೆ ಆರಿಸಿಕೊಳ್ಳುವುದು ಆ ಕಾಲಕ್ಕೆ ಸಾಹಸವೇ ಆಗಿತ್ತು.

ಸೈಬರ್‌ಟೆಕ್ಸ್ಟ್ ಮತ್ತು ಎರ್ಗಾಡಿಕ್ ಸಾಹಿತ್ಯ

ನಾರ್ವೆಯ ಎಸ್ಪೆನ್ ಆರ್ಸೆತ್ ಅವರ 'ಸೈಬರ್‌ಟೆಕ್ಸ್ಟ್' (1997) ಈ ಕ್ಷೇತ್ರದ ಆಧಾರಗ್ರಂಥ. ಅವರು ಮುಂದಿಟ್ಟ ಮುಖ್ಯ ಪರಿಕಲ್ಪನೆ ಎರ್ಗಾಡಿಕ್ ಸಾಹಿತ್ಯ. ಗ್ರೀಕ್ ಭಾಷೆಯ 'ಕೆಲಸ' ಮತ್ತು 'ದಾರಿ' ಎಂಬ ಅರ್ಥದ ಎರಡು ಶಬ್ದಗಳಿಂದ ಈ ಪದ ಬಂದಿದೆ. ಸಾಮಾನ್ಯ ಕಾದಂಬರಿಯ ಓದುಗನು ಮನಸ್ಸಿನಲ್ಲಿ ಎಷ್ಟೇ ಶ್ರಮಪಡಲಿ, ಕೈಯಿಂದ ಮಾಡುವ ಕೆಲಸ ಪುಟ ತಿರುವುವುದಷ್ಟೇ. ಎರ್ಗಾಡಿಕ್ ಪಠ್ಯದಲ್ಲಿ ಹಾಗಲ್ಲ. ಓದುಗನು ದಾರಿಯನ್ನು ಆರಿಸಬೇಕು, ಕೂಡಿಸಬೇಕು, ಲೆಕ್ಕ ಹಾಕಬೇಕು. ಹಾಗೆ ಮಾಡದೆ ಪಠ್ಯವೇ ಹೊರಡುವುದಿಲ್ಲ. ತಪ್ಪಿದರೆ ಪಠ್ಯ ಅವನನ್ನು ಹೊರಗಿಡಲೂಬಹುದು.

ಆರ್ಸೆತ್ ಈ ಗುಣವನ್ನು ಗಣಕಯಂತ್ರದ ಸೃಷ್ಟಿಯೆಂದು ಹೇಳಲಿಲ್ಲ ಎಂಬುದು ಗಮನಾರ್ಹ. ಚೀನಾದ ಪ್ರಾಚೀನ ಶಕುನಗ್ರಂಥ 'ಇ ಚಿಂಗ್', ಫ್ರೆಂಚ್ ಕವಿ ಅಪೊಲಿನೇರ್‌ನ ಚಿತ್ರಾಕಾರದ ಕವಿತೆಗಳು, ಬಿಡಿ ಹಾಳೆಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಿ ಓದಬೇಕಾದ ಮಾರ್ಕ್ ಸಪೋರ್ಟಾನ ಕಾದಂಬರಿ ಇವನ್ನೆಲ್ಲ ಅವರು ಅದೇ ಸಾಲಿನಲ್ಲಿರಿಸಿದರು. ಕನ್ನಡದ ಓದುಗರಿಗೆ ಇಲ್ಲಿ ಕುಮುದೇಂದು ಮುನಿಯ 'ಸಿರಿಭೂವಲಯ' ನೆನಪಾಗುವುದು ಸಹಜ. 27 ಅಡ್ಡಸಾಲು, 27 ಕಂಬಸಾಲುಗಳ ಚೌಕಗಳಲ್ಲಿ 1ರಿಂದ 64ರವರೆಗಿನ ಅಂಕಿಗಳನ್ನು ತುಂಬಿರುವ ಈ ಕೃತಿಯಲ್ಲಿ ಒಂದೊಂದು ಅಂಕಿಯೂ ಒಂದೊಂದು ಅಕ್ಷರದ ಸ್ಥಾನದಲ್ಲಿದೆ. ಯಾವ ಬಂಧದಲ್ಲಿ, ಯಾವ ದಿಕ್ಕಿನಿಂದ ಸಾಗಬೇಕೆಂದು ತಿಳಿಯದೆ ಪದ್ಯ ದೊರೆಯುವುದಿಲ್ಲ. ಕೃತಿಯ ಕಾಲ ಮತ್ತು ಅದರಿಂದ ಹೊರಡುವ ಪಠ್ಯಗಳ ವ್ಯಾಪ್ತಿಯ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲವಾದರೂ ಅದರ ರಚನಾಕ್ರಮ ಮಾತ್ರ ಎರ್ಗಾಡಿಕ್ ಎಂಬ ಪದಕ್ಕೆ ಪಾಠಪುಸ್ತಕದಲ್ಲಿ ಹಾಕಬಹುದಾದಂಥ ನಿದರ್ಶನ.

ಪಠ್ಯದೊಳಗೆ ಅಡಗಿರುವ ತುಣುಕುಗಳನ್ನು 'ಟೆಕ್ಸ್ಟಾನ್' ಎಂದೂ, ಓದುಗನ ಕಣ್ಣಿಗೆ ಕೊನೆಗೆ ಕಾಣಿಸುವ ರೂಪವನ್ನು 'ಸ್ಕ್ರಿಪ್ಟಾನ್' ಎಂದೂ ಆರ್ಸೆತ್ ವಿಂಗಡಿಸಿದರು. ಈ ಪದಗಳು ಹೆಚ್ಚು ಬಳಕೆಗೆ ಬರಲಿಲ್ಲ. ಆದರೆ ಒಂದೇ ಆಟವನ್ನು ಆಡಿದ ಇಬ್ಬರು ಒಂದೇ ಪಠ್ಯವನ್ನು ಓದಿದವರಾಗಿರುವುದಿಲ್ಲ ಎಂಬ ತೊಡಕನ್ನು ಮೊದಲು ಸ್ಪಷ್ಟವಾಗಿ ಗುರುತಿಸಿದ್ದು ಈ ವಿಂಗಡಣೆಯೇ.

ನಿಕ್ ಮಾಂಟ್‌ಫರ್ಟ್ ಅವರ 'ಟ್ವಿಸ್ಟಿ ಲಿಟ್ಲ್ ಪ್ಯಾಸೇಜಸ್' (2003) ಇನ್ನೊಂದು ದಾರಿ ಹಿಡಿಯಿತು. ಪಠ್ಯಾಧಾರಿತ ಆಟಗಳ ಪೂರ್ವಜನನ್ನು ಕಾದಂಬರಿಯಲ್ಲಿ ಹುಡುಕದೆ ಒಗಟಿನಲ್ಲಿ ಹುಡುಕಬೇಕು ಎಂಬುದು ಅವರ ವಾದ. ಒಗಟು ಸಾಹಿತ್ಯವೂ ಹೌದು, ಆಟವೂ ಹೌದು. ಉತ್ತರ ಹೇಳುವವನಿಲ್ಲದೆ ಅದು ಪೂರ್ಣವಾಗುವುದಿಲ್ಲ. ಉತ್ತರ ತಿಳಿದ ಮೇಲೆ ಲೋಕವನ್ನು ನೋಡುವ ಬಗೆ ಸ್ವಲ್ಪ ಬದಲಾಗುತ್ತದೆ. ಮದುವೆಯ ಮನೆಯಲ್ಲಿ ಬೀಗರ ನಡುವೆ ಒಗಟಿನ ಪಂಥವನ್ನು ಕೇಳಿದವರಿಗೆ, ದಾಸರ ಹಾಗೂ ಶರಣರ ಬೆಡಗು-ಮುಂಡಿಗೆಗಳ ಮುಂದೆ ತಲೆ ಕೆರೆದುಕೊಂಡವರಿಗೆ ಈ ವಾದವು ಹೊಸದೆನಿಸುವುದಿಲ್ಲ.

ಕಥನವೋ ಆಟವೋ ಎಂಬ ವಿವಾದ

1997ರಲ್ಲಿಯೇ ಜಾನೆಟ್ ಮರ್ರಿ ಅವರ 'ಹ್ಯಾಮ್ಲೆಟ್ ಆನ್ ದ ಹಾಲೊಡೆಕ್' ಪ್ರಕಟವಾಯಿತು. ಗಣಕಯಂತ್ರವು ಕಥೆ ಹೇಳುವ ಹೊಸ ಮಾಧ್ಯಮವೆಂದು ಪ್ರತಿಪಾದಿಸುವ ಈ ಗ್ರಂಥದಲ್ಲಿ 'ಟೆಟ್ರಿಸ್' ಆಟದ ಬಗ್ಗೆ ಒಂದು ವ್ಯಾಖ್ಯಾನವಿದೆ: ಎಡೆಬಿಡದೆ ಬೀಳುವ ತುಂಡುಗಳನ್ನು ಅವಸರದಿಂದ ಹೊಂದಿಸುತ್ತ ಹೋಗುವ ಆ ಆಟವು 1990ರ ದಶಕದ ಅಮೆರಿಕನ್ನರ ಕೆಲಸದ ಹೊರೆಯ ಬದುಕಿನ ಅಭಿನಯ ಎಂದು ಮರ್ರಿ ಬರೆದರು. ಫಿನ್‌ಲ್ಯಾಂಡಿನ ಮಾರ್ಕು ಎಸ್ಕೆಲಿನೆನ್ 2001ರಲ್ಲಿ ಇದನ್ನು ಕಟುವಾಗಿ ಖಂಡಿಸಿದರು. ಚೆಂಡನ್ನು ಎಸೆದರೆ ಅದು ಕಥೆ ಹೇಳೀತೆಂದು ಯಾರೂ ಕಾದು ಕೂರುವುದಿಲ್ಲ ಎಂಬ ಅರ್ಥದ ಅವರ ಮಾತು ಪ್ರಸಿದ್ಧವಾಗಿದೆ. 'ಟೆಟ್ರಿಸ್' ಅನ್ನು ಅಲೆಕ್ಸಿ ಪಾಜಿಟ್ನೊವ್ ರಚಿಸಿದ್ದು 1984ರ ಮಾಸ್ಕೊದಲ್ಲಿ ಎಂಬುದನ್ನು ನೆನೆದರೆ ಖಂಡನೆಗೆ ಆಸ್ಪದವಿದ್ದುದು ನಿಜ. ಆದರೆ ಕೃತಿ ಹುಟ್ಟಿದ ಊರಿನಲ್ಲಿಯೇ ಅದರ ಅರ್ಥವೂ ನೆಲೆಸಬೇಕೆಂಬ ನಿಯಮ ಸಾಹಿತ್ಯದಲ್ಲೂ ಇಲ್ಲ. ಮರ್ರಿ ಹೇಳಿದ್ದು ಆಡುವವರ ಅನುಭವದ ಬಗ್ಗೆ.

ಆಟವನ್ನು ಆಟವಾಗಿಯೇ ಅಧ್ಯಯನ ಮಾಡಬೇಕೆಂಬ ಪಂಥಕ್ಕೆ 'ಲುಡಾಲಜಿ' ಎಂಬ ಹೆಸರು ಬಂತು. ಉರುಗ್ವೆಯ ಗೊನ್ಸಾಲೊ ಫ್ರಾಸ್ಕಾ 1999ರಲ್ಲಿ ಈ ಪದವನ್ನು ಪ್ರಚಾರಕ್ಕೆ ತಂದರು. ಎದುರು ಪಕ್ಷಕ್ಕೆ 'ನರೆಟಾಲಜಿ' ಎಂಬ ಹೆಸರಿತ್ತಾದರೂ ಆ ಹೆಸರನ್ನು ತಾವಾಗಿ ಧರಿಸಿ ವಾದಕ್ಕೆ ನಿಂತವರು ಕಡಿಮೆ. 2003ರಲ್ಲಿ ಫ್ರಾಸ್ಕಾ ಅವರೇ ಅಂಥದೊಂದು ವಾಗ್ವಾದ ನಿಜವಾಗಿ ನಡೆದೇ ಇಲ್ಲ ಎಂದು ಪ್ರಬಂಧ ಮಂಡಿಸಬೇಕಾಯಿತು.

ತತ್ತ್ವದ ಈ ಜಗಳದ ಹಿಂದೆ ಸ್ಥಾನಮಾನದ ಪ್ರಶ್ನೆಯೂ ಇತ್ತು. 2001ರ ಜುಲೈನಲ್ಲಿ ಆರಂಭವಾದ 'ಗೇಮ್ ಸ್ಟಡೀಸ್' ಎಂಬ ಅಂತರಜಾಲ ಪತ್ರಿಕೆಯ ಮೊದಲ ಸಂಪಾದಕೀಯದಲ್ಲಿ ಆರ್ಸೆತ್ ಆ ವರ್ಷವನ್ನು ಹೊಸ ಶಿಸ್ತಿನ ಮೊದಲ ವರ್ಷವೆಂದು ಸಾರಿದರು. ಸಾಹಿತ್ಯ ಮತ್ತು ಸಿನಿಮಾ ವಿಭಾಗಗಳು ಆಟಗಳನ್ನು ತಮ್ಮ ವಸಾಹತು ಮಾಡಿಕೊಳ್ಳುವ ಅಪಾಯವಿದೆಯೆಂದು ಎಚ್ಚರಿಸಿದರು. ಯಾವ ವಿಭಾಗದಲ್ಲಿ ಹುದ್ದೆ ಸೃಷ್ಟಿಯಾಗಬೇಕು, ಸಂಶೋಧನೆಯ ಹಣ ಯಾರಿಗೆ ಸಲ್ಲಬೇಕು ಎಂಬ ಲೆಕ್ಕಗಳನ್ನು ಬಿಟ್ಟು ಈ ವಿವಾದವನ್ನು ಓದಿದರೆ ಅದರ ಕಾವು ಅರ್ಥವಾಗುವುದಿಲ್ಲ. 2003ರಲ್ಲಿ ಡಿಜಿಟಲ್ ಗೇಮ್ಸ್ ರಿಸರ್ಚ್ ಅಸೋಸಿಯೇಷನ್‌ನ ಮೊದಲ ಸಮ್ಮೇಳನವು ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ನಡೆಯಿತು. ಡೆನ್ಮಾರ್ಕಿನ ಯೆಸ್ಪರ್ ಯೂಲ್ ತಮ್ಮ 'ಹಾಫ್-ರಿಯಲ್' (2005) ಗ್ರಂಥದಲ್ಲಿ, ಆಟದ ನಿಯಮಗಳು ವಾಸ್ತವ, ಅದರ ಲೋಕ ಕಲ್ಪಿತ, ಆಡುವವನು ಎರಡರಲ್ಲಿಯೂ ಏಕಕಾಲದಲ್ಲಿರುತ್ತಾನೆ ಎಂದು ವಾದಿಸಿದ ಮೇಲೆ ಎರಡು ಪಕ್ಷಗಳೂ ಬಹುಮಟ್ಟಿಗೆ ತಣ್ಣಗಾದವು.

ಓದುವ ವಿಧಾನ

ಕಾವ್ಯದ ನಿಕಟ ಓದಿನಲ್ಲಿ ಛಂದಸ್ಸು ಮತ್ತು ಅರ್ಥಗಳ ಸಂಬಂಧವನ್ನು ಗಮನಿಸುವಂತೆ, ಆಟದ ನಿಕಟ ಓದಿನಲ್ಲಿ ಕೈಯ ಕೆಲಸ ಮತ್ತು ಅರ್ಥಗಳ ಸಂಬಂಧವನ್ನು ಗಮನಿಸಲಾಗುತ್ತದೆ. ತರಗತಿಗಳಲ್ಲಿ ಮೇಲಿಂದ ಮೇಲೆ ಉದಾಹರಿಸಲಾಗುವ ಒಂದು ಭಾಗವು 'ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್' (2017) ಕೃತಿಯಲ್ಲಿದೆ. ಒಂದು ಕುಟುಂಬದ ಸದಸ್ಯರ ಸಾವುಗಳನ್ನು ಒಂದೊಂದನ್ನೂ ಬೇರೆ ಬೇರೆ ಶೈಲಿಯಲ್ಲಿ ಹೇಳುವ ಈ ಆಟದಲ್ಲಿ ಲೂಯಿಸ್ ಎಂಬ ಯುವಕನು ಮೀನಿನ ಕಾರ್ಖಾನೆಯ ಕಾರ್ಮಿಕ. ಆಟಗಾರನು ಬಲಗೈಯಿಂದ ಮೀನನ್ನು ಹಿಡಿದು ಕತ್ತಿಗೆ ಒಡ್ಡಿ ಪಕ್ಕಕ್ಕೆ ಎಸೆಯಬೇಕು. ಅದೇ ವೇಳೆಗೆ ಎಡಗೈಯಿಂದ ಲೂಯಿಸ್‌ನ ಹಗಲುಗನಸಿನ ಅರಸನನ್ನು ನಡೆಸಬೇಕು. ಮೊದಲು ಪರದೆಯ ಮೂಲೆಯಲ್ಲಿ ಹುಟ್ಟುವ ಆ ಕನಸು ಹಿಗ್ಗುತ್ತ ಹಿಗ್ಗುತ್ತ ಕಾರ್ಖಾನೆಯನ್ನೇ ಮುಚ್ಚಿಬಿಡುತ್ತದೆ. ಆದರೆ ಬಲಗೈ ಮೀನು ಕತ್ತರಿಸುವುದನ್ನು ನಿಲ್ಲಿಸುವಂತಿಲ್ಲ. ಮನೋವೈದ್ಯೆಯ ಪತ್ರವೊಂದು ಹಿನ್ನೆಲೆಯಲ್ಲಿ ಇದನ್ನೆಲ್ಲ ನಿರೂಪಿಸುತ್ತಿರುತ್ತದೆ. ಯಾಂತ್ರಿಕ ದುಡಿಮೆಯಲ್ಲಿ ದೇಹ ಒಂದೆಡೆ, ಮನಸ್ಸು ಇನ್ನೊಂದೆಡೆ ಎಂಬ ಮಾತನ್ನು ಗದ್ಯದಲ್ಲಿ ಹೇಳುವುದು ಸುಲಭ. ಅದು ಓದುವವನ ಎರಡು ಕೈಗಳ ನಡುವೆಯೇ ನಡೆಯುವಂತೆ ಮಾಡುವುದು ಈ ಮಾಧ್ಯಮಕ್ಕೆ ಮಾತ್ರ ಸಾಧ್ಯ.

ನಿಯಮವೇ ಅರ್ಥವಾಗುವ ಬಗೆಗೆ ಲೂಕಸ್ ಪೋಪ್ ಅವರ 'ಪೇಪರ್ಸ್, ಪ್ಲೀಸ್' (2013) ನಿದರ್ಶನ. ಆಟಗಾರನು ಆರ್‌ಸ್ಟೊಟ್ಸ್‌ಕಾ ಎಂಬ ಕಲ್ಪಿತ ದೇಶದ ಗಡಿಯಲ್ಲಿ ದಾಖಲೆಗಳನ್ನು ಪರೀಕ್ಷಿಸುವ ನೌಕರ. ಎಷ್ಟು ಜನರ ಕಾಗದಪತ್ರಗಳನ್ನು ನೋಡಿ ಕಳುಹಿಸಿದನೋ ಅಷ್ಟೇ ಸಂಬಳ. ಅದರಲ್ಲಿಯೇ ಮನೆಯವರ ಊಟ, ಚಳಿಗೆ ಬೆಂಕಿ, ಔಷಧಿ. ಗಂಡನ ದಾಖಲೆಗಳು ಸರಿಯಿದ್ದು, ಹಿಂದೆಯೇ ನಿಂತ ಹೆಂಡತಿಯ ಬಳಿ ಒಂದು ಪತ್ರ ಇಲ್ಲದಿದ್ದರೆ ಏನು ಮಾಡಬೇಕು? ದಿನದ ಮೊದಲ ಎರಡು ತಪ್ಪುಗಳಿಗೆ ಎಚ್ಚರಿಕೆ ಮಾತ್ರ, ಮೂರನೆಯದರಿಂದ ದಂಡ ಎಂಬುದು ಆಟದ ನಿಯಮ. ಅಂದರೆ ದಿನಕ್ಕೆ ಎರಡು ಬಾರಿ ಕರುಣೆ ತೋರಿದರೆ ನಷ್ಟವಿಲ್ಲ. ಆ ಎರಡು ಅವಕಾಶಗಳೂ ಕೈತಪ್ಪಿನಿಂದ ಕಳೆದುಹೋಗಿದ್ದರೆ ಮೂರನೆಯ ಕರುಣೆಗೆ ಮಗನ ಊಟದ ಬೆಲೆ ತೆರಬೇಕು. ಅಧಿಕಾರಶಾಹಿಯಲ್ಲಿ ಒಳ್ಳೆಯತನವು ಎಷ್ಟರ ಮಟ್ಟಿಗೆ ಉಳಿಯಬಲ್ಲದು ಎಂಬ ವಿಚಾರವನ್ನು ಇಲ್ಲಿ ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ಹೀಗೆ ನಿಯಮಗಳ ಮೂಲಕ ವಾದ ಹೂಡುವುದನ್ನು ಇಯಾನ್ ಬೊಗೊಸ್ಟ್ ತಮ್ಮ 'ಪರ್ಸುಯೇಸಿವ್ ಗೇಮ್ಸ್' (2007) ಗ್ರಂಥದಲ್ಲಿ ಪ್ರಕ್ರಿಯೆಯ ಅಲಂಕಾರಶಾಸ್ತ್ರವೆಂಬ ಅರ್ಥದ ಹೆಸರಿನಿಂದ ವಿವರಿಸಿದ್ದಾರೆ.

ಕಥೆ ಒಂದನ್ನು ಹೇಳಿ ನಿಯಮ ಇನ್ನೊಂದನ್ನು ಹೇಳಿದರೆ ಕೃತಿ ಒಡೆಯುತ್ತದೆ. 2007ರಲ್ಲಿ ಆಟದ ವಿನ್ಯಾಸಕಾರ ಕ್ಲಿಂಟ್ ಹಾಕಿಂಗ್ 'ಬಯೋಶಾಕ್' ಕೃತಿಯಲ್ಲಿ ಇಂಥ ಬಿರುಕನ್ನು ಗುರುತಿಸಿ ಅದಕ್ಕೆ 'ಲುಡೊನರೆಟಿವ್ ಡಿಸೊನೆನ್ಸ್' ಎಂದು ಹೆಸರಿಟ್ಟರು. ಸ್ವಾರ್ಥವನ್ನು ಪರಮಮೌಲ್ಯವೆಂದು ಸಾರುವ ಐನ್ ರ‍್ಯಾಂಡ್ ಮಾದರಿಯ ಚಿಂತನೆಯನ್ನು ವಿಮರ್ಶಿಸುವ ಆ ಆಟದಲ್ಲಿ, ಸ್ವಾರ್ಥವನ್ನು ಆರಿಸುವ ಸ್ವಾತಂತ್ರ್ಯ ಆಟಗಾರನಿಗಿದೆ. ಯಾರ ಮಾತನ್ನು ಕೇಳಬೇಕೆಂದು ಆರಿಸುವ ಸ್ವಾತಂತ್ರ್ಯ ಮಾತ್ರ ಕಥೆಯಲ್ಲಿ ಇಲ್ಲ ಎಂಬುದು ಅವರ ಆಕ್ಷೇಪದ ತಿರುಳು. ಜೋಸೆಫ್ ಕಾನ್ರಾಡ್‌ನ 'ಹಾರ್ಟ್ ಆಫ್ ಡಾರ್ಕ್‌ನೆಸ್' ಛಾಯೆಯಲ್ಲಿ ರಚಿತವಾದ 'ಸ್ಪೆಕ್ ಆಪ್ಸ್: ದ ಲೈನ್' (2012) ಈ ಬಿರುಕನ್ನೇ ಉಪಾಯವಾಗಿ ಬಳಸಿಕೊಂಡಿತು. ಮರಳಿನಲ್ಲಿ ಹೂತ ದುಬೈ ನಗರದಲ್ಲಿ ಆಟಗಾರನು ಮೇಲಿನಿಂದ ಕಾಣುವ ಬಿಳಿ ಚುಕ್ಕೆಗಳ ಮೇಲೆ ರಂಜಕದ ಗುಂಡುಗಳನ್ನು ಸುರಿಸುತ್ತಾನೆ. ಅನಂತರ ಸುಟ್ಟುಹೋದ ಸಾಮಾನ್ಯ ಜನರ ನಡುವೆ ನಡೆದುಹೋಗಬೇಕಾಗುತ್ತದೆ. ಬೇರೆ ದಾರಿಯನ್ನೇ ಕೊಡದೆ ಪಾಪವನ್ನು ಆಟಗಾರನ ತಲೆಗೆ ಕಟ್ಟುವುದು ನ್ಯಾಯವೇ ಎಂದು ಕೆಲವರು ಕೇಳಿದರು. ಆಟವನ್ನು ಅಲ್ಲಿಗೇ ನಿಲ್ಲಿಸಬಹುದಿತ್ತಲ್ಲ ಎಂಬುದು ಇನ್ನು ಕೆಲವರ ಉತ್ತರ. ಕಾದಂಬರಿಯ ಓದುಗನಿಗೆ ಇಂಥ ಪ್ರಶ್ನೆ ಹೀಗೆ ಎದುರಾಗುವುದಿಲ್ಲ. ಕರ್ಟ್ಸ್‌ನ ಅಪರಾಧಕ್ಕೆ ಪುಟ ತಿರುವಿದವನನ್ನು ಯಾರೂ ಹೊಣೆ ಮಾಡುವುದಿಲ್ಲ.

ತರಗತಿಯಲ್ಲಿ

ಅಮೆರಿಕದ ಇಂಡಿಯಾನಾ ರಾಜ್ಯದ ವಾಬಾಶ್ ಕಾಲೇಜು 2010ರಲ್ಲಿ, ಮೊದಲ ವರ್ಷದ ಎಲ್ಲ ವಿದ್ಯಾರ್ಥಿಗಳಿಗೂ ಕಡ್ಡಾಯವಾದ ಒಂದು ಪಠ್ಯಕ್ರಮಕ್ಕೆ 'ಪೋರ್ಟಲ್' (2007) ಆಟವನ್ನು ಸೇರಿಸಿತು. ಅದೇ ಪಟ್ಟಿಯಲ್ಲಿ ಗಿಲ್ಗಮೆಶ್ ಮಹಾಕಾವ್ಯವೂ 'ಹ್ಯಾಮ್ಲೆಟ್' ನಾಟಕವೂ ಇದ್ದವು. ಇದನ್ನು ಸೂಚಿಸಿದ ಅಧ್ಯಾಪಕ ಮೈಕೆಲ್ ಆಬಟ್ ಅವರು 'ಪೋರ್ಟಲ್' ಅನ್ನು ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್‌ನ ಗ್ರಂಥದೊಂದಿಗೆ ಜೋಡಿಸಿದ್ದರು. ಮನುಷ್ಯರು ರಂಗದ ಮುಂದೆ ಒಂದು ಬಗೆ, ರಂಗದ ಹಿಂದೆ ಇನ್ನೊಂದು ಬಗೆ ಎಂಬುದು ಗಾಫ್‌ಮನ್‌ನ ಸಿದ್ಧಾಂತ. ಆಟದಲ್ಲಿ ಸಿಹಿಮಾತಿನ ಯಂತ್ರವೊಂದು ನಡೆಸುವ ಅಚ್ಚುಕಟ್ಟಾದ ಪ್ರಯೋಗಾಲಯದ ಗೋಡೆಗಳ ಹಿಂದೆ ಹಾಳುಬಿದ್ದ ಕೋಣೆಗಳಿರುತ್ತವೆ. ಸಿದ್ಧಾಂತವನ್ನು ವಿದ್ಯಾರ್ಥಿಗಳು ಓದುವುದಲ್ಲದೆ ಅದರೊಳಗೆ ನಡೆದಾಡಿಯೂ ಬರುತ್ತಾರೆ.

ಟೊರಾಂಟೊದ ಶಿಕ್ಷಕ ಪಾಲ್ ದರ್ವಾಸಿ ತಮ್ಮ 12ನೆಯ ತರಗತಿಯ ಇಂಗ್ಲಿಷ್ ಪಾಠದಲ್ಲಿ 'ಗಾನ್ ಹೋಮ್' (2013) ಆಟವನ್ನು ಪಠ್ಯವಾಗಿ ಬಳಸಿದರು. 1995ರ ಒಂದು ರಾತ್ರಿ ಯುರೋಪಿನಿಂದ ಮರಳಿದ ಹುಡುಗಿಗೆ ಮನೆ ಖಾಲಿಯಾಗಿ ಕಾಣುತ್ತದೆ. ಪತ್ರ, ಚೀಟಿ, ಕ್ಯಾಸೆಟ್, ಕಪಾಟಿನ ಪುಸ್ತಕಗಳಿಂದ ಅವಳು ತನ್ನ ತಂಗಿಗೂ ತಂದೆತಾಯಿಗಳಿಗೂ ಏನಾಯಿತೆಂದು ಊಹಿಸಬೇಕು. ಯಾವ ಸಾಕ್ಷ್ಯವನ್ನು ನಂಬಬೇಕು, ಯಾವುದು ದಾರಿ ತಪ್ಪಿಸುತ್ತದೆ ಎಂಬ ಚರ್ಚೆಗೆ ಇದು ಒಳ್ಳೆಯ ಸಾಮಗ್ರಿ. ಎರಡು ಮೂರು ಗಂಟೆಗಳಲ್ಲಿ ಮುಗಿಯುತ್ತದೆ ಎಂಬುದೂ ಶಿಕ್ಷಕರ ದೃಷ್ಟಿಯಿಂದ ಸಣ್ಣ ಗುಣವಲ್ಲ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೇ ಕ್ಲೇಟನ್ 2013ರಲ್ಲಿ ಆನ್‌ಲೈನ್ ಆಟಗಳು ಮತ್ತು ಸಾಹಿತ್ಯವನ್ನು ಕುರಿತ ಮುಕ್ತ ಅಂತರಜಾಲ ತರಗತಿಯನ್ನು ನಡೆಸಿದರು. ಟೋಲ್ಕೀನ್‌ನ ಕಾದಂಬರಿ, ಅದರ ಚಲನಚಿತ್ರ ಮತ್ತು ಆಟ ಮೂರನ್ನೂ ಅಲ್ಲಿ ಎದುರುಬದುರಾಗಿರಿಸಲಾಗಿತ್ತು.

ಗ್ರಂಥವೊಂದನ್ನು ಆಟವಾಗಿಸುವುದು ಸಹ ಒಂದು ಬಗೆಯ ವಿಮರ್ಶೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಟ್ರೇಸಿ ಫುಲ್ಲರ್ಟನ್ ಮತ್ತು ಸಂಗಡಿಗರು ಹೆನ್ರಿ ಡೇವಿಡ್ ಥೊರೊನ 'ವಾಲ್ಡನ್' ಕೃತಿಯನ್ನು ಆಧರಿಸಿ ರಚಿಸಿದ ಆಟವು, ಥೊರೊ ಹುಟ್ಟಿದ 200ನೆಯ ವರ್ಷವಾದ 2017ರಲ್ಲಿ, ಅವನು ಕೊಳದ ದಂಡೆಯ ಗುಡಿಸಲಿಗೆ ಹೋದ ದಿನವಾದ ಜುಲೈ 4ರಂದು ಬಿಡುಗಡೆಯಾಯಿತು. ಇಲ್ಲಿ ಅತಿಯಾಗಿ ದುಡಿದು ಕೂಡಿಹಾಕುವ ಆಟಗಾರನ ಸುತ್ತಲಿನ ಕಾಡು ಬಣ್ಣಗೆಡುತ್ತದೆ. ಸುಮ್ಮನೆ ಕೂತು ಹಕ್ಕಿಯ ದನಿ ಕೇಳಿದರೆ ಮತ್ತೆ ಕಳೆಗೂಡುತ್ತದೆ. ಹೆಚ್ಚು ಗಳಿಸಿದವನಿಗೆ ಹೆಚ್ಚು ಅಂಕ ಎಂಬ ಆಟಗಳ ಸಾಮಾನ್ಯ ನೀತಿಯನ್ನೇ ತಲೆಕೆಳಗಾಗಿಸಿರುವುದರಿಂದ, ಥೊರೊನ ಮಾತು ಎಷ್ಟು ಕಠಿಣವಾದುದೆಂದು ವಿದ್ಯಾರ್ಥಿಗೆ ಅರಿವಾಗುತ್ತದೆ.

ಸರ್ಕಾರದ ಮಟ್ಟದಲ್ಲಿ ಹೆಚ್ಚು ಚರ್ಚೆಯಾದದ್ದು ಪೋಲೆಂಡಿನ ನಿರ್ಧಾರ. 2020ರ ಜೂನ್‌ನಲ್ಲಿ ಆಗಿನ ಪ್ರಧಾನಿ ಮಾತೆಯುಶ್ ಮೊರಾವಿಯೆಟ್ಸ್‌ಕಿ ಅವರು 'ದಿಸ್ ವಾರ್ ಆಫ್ ಮೈನ್' (2014) ಆಟವನ್ನು ಪ್ರೌಢಶಾಲೆಗಳ ಶಿಫಾರಸು ಮಾಡಿದ ಓದಿನ ಪಟ್ಟಿಗೆ ಸೇರಿಸುವುದಾಗಿ ಪ್ರಕಟಿಸಿದರು. ವಾರ್ಸಾದ 11 ಬಿಟ್ ಸ್ಟುಡಿಯೋಸ್ ರಚಿಸಿದ ಈ ಆಟಕ್ಕೆ 1992ರಿಂದ 1996ರವರೆಗಿನ ಸರಾಯೆವೊ ಮುತ್ತಿಗೆ ಪ್ರೇರಣೆ. ಆಟಗಾರನು ಸೈನಿಕನಲ್ಲ, ಮುತ್ತಿಗೆಗೆ ಸಿಕ್ಕ ನಗರದ ಪಾಳುಮನೆಯಲ್ಲಿ ಅಡಗಿರುವ ಸಾಮಾನ್ಯ ಜನರ ಹಸಿವು, ಚಳಿ, ಕಾಯಿಲೆಗಳನ್ನು ಅವನು ನಿಭಾಯಿಸಬೇಕು. ರಾತ್ರಿ ಆಹಾರ ಹುಡುಕಿ ಹೊರಟವರು ವೃದ್ಧ ದಂಪತಿಗಳ ಮನೆಯಲ್ಲಿ ಕದ್ದು ತಂದರೆ ಎಲ್ಲರ ಹೊಟ್ಟೆ ತುಂಬುತ್ತದೆ. ಕದ್ದವರು ಮರುದಿನದಿಂದ ಖಿನ್ನರಾಗುತ್ತಾರೆ. 18 ವರ್ಷ ಮೀರಿದವರಿಗೆಂದು ವರ್ಗೀಕರಿಸಲಾದ ಆಟವಾದ್ದರಿಂದ ಶಾಲೆಯಲ್ಲಿ ಅದನ್ನು ಆಡಬಲ್ಲವರು ಕೊನೆಯ ವರ್ಷದ ವಯಸ್ಕ ವಿದ್ಯಾರ್ಥಿಗಳು ಮಾತ್ರ ಎಂಬ ವಿಚಿತ್ರ ಮಿತಿಯೂ ಅದರೊಂದಿಗೆ ಬಂತು. ಅದು ಕಡ್ಡಾಯ ಪಠ್ಯವಾಗಲಿಲ್ಲ, ಶಿಕ್ಷಕರು ಇಷ್ಟಪಟ್ಟರೆ ಬಳಸಬಹುದಾದ ಪೂರಕ ಸಾಮಗ್ರಿಯಾಯಿತು.

ಬೋಧನೆಯ ತೊಡಕುಗಳು ಬಹಳ ಲೌಕಿಕವಾದವು. ಎಲ್ಲರ ಬಳಿ ಯಂತ್ರವಿರುವುದಿಲ್ಲ. 'ಡಿಸ್ಕೊ ಎಲಿಸಿಯಂ' (2019) ಕೃತಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪದಗಳಿದ್ದು, ನಾಯಕನ ತಲೆಯೊಳಗಿನ 24 ಸಾಮರ್ಥ್ಯಗಳು 24 ದನಿಗಳಾಗಿ ಅವನೊಡನೆ ಜಗಳವಾಡುತ್ತವೆ. ಆಧುನಿಕ ಕಾದಂಬರಿಯ ಅಂತರಂಗದ ಮಾತುಗಾರಿಕೆಗೆ ಹೋಲಿಸಿ ಪಾಠ ಮಾಡಲು ಇದಕ್ಕಿಂತ ಒಳ್ಳೆಯ ಕೃತಿ ದೊರೆಯುವುದು ಕಷ್ಟ, ಆದರೆ ಒಂದು ಸೆಮಿಸ್ಟರಿನಲ್ಲಿ ಅದಕ್ಕೆ ಸಮಯ ಎಲ್ಲಿದೆ? ಕಾದಂಬರಿಯ ಕ್ಲಿಷ್ಟ ಅಧ್ಯಾಯವನ್ನು ಅರ್ಥವಾಗದಿದ್ದರೂ ದಾಟಿ ಮುಂದೆ ಹೋಗಬಹುದು. ಆಟದಲ್ಲಿ ಕೈಚಳಕವಿಲ್ಲದ ವಿದ್ಯಾರ್ಥಿ ಮೊದಲ ಅಧ್ಯಾಯದಲ್ಲಿಯೇ ಉಳಿದುಬಿಡುತ್ತಾನೆ. ದೃಷ್ಟಿ ಅಥವಾ ಕೈಗಳ ತೊಂದರೆಯಿರುವವರ ಪಾಡು ಇನ್ನೂ ಕಷ್ಟ. ಬೇರೆಯವರು ಆಡಿದ ಆಟದ ವಿಡಿಯೊಗಳನ್ನು ಯೂಟ್ಯೂಬಿನಲ್ಲಿ ನೋಡಿ ಪರೀಕ್ಷೆ ಬರೆಯುವ ರೂಢಿಯೂ ಇದೆ. ಮೂಲವನ್ನು ಮುಟ್ಟದೆ ಗೈಡ್ ಓದಿ ಪಾಸಾಗುವುದರ ಹೊಸ ಅವತಾರವಿದು. ಆದರೂ ಹಲವು ಅಧ್ಯಾಪಕರು ಒಬ್ಬರು ಆಡಿ ಉಳಿದವರು ನೋಡುತ್ತ ಚರ್ಚಿಸುವ ಕ್ರಮವನ್ನು ಉದ್ದೇಶಪೂರ್ವಕವಾಗಿಯೇ ಬಳಸುತ್ತಾರೆ.

ಭಾರತ ಮತ್ತು ಕನ್ನಡದ ಸಂದರ್ಭ

ಭಾರತದಲ್ಲಿ ಈ ಅಧ್ಯಯನಕ್ಕೆ ಬುನಾದಿ ಹಾಕಿದವರಲ್ಲಿ ಕೋಲ್ಕತ್ತದ ಸೌವಿಕ್ ಮುಖರ್ಜಿ ಪ್ರಮುಖರು. ಪ್ರೆಸಿಡೆನ್ಸಿ ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗದಲ್ಲಿದ್ದ ಅವರು 'ವಿಡಿಯೊ ಗೇಮ್ಸ್ ಆ್ಯಂಡ್ ಸ್ಟೋರಿಟೆಲಿಂಗ್' (2015) ಮತ್ತು ವಸಾಹತೋತ್ತರ ದೃಷ್ಟಿಯಿಂದ ಆಟಗಳನ್ನು ನೋಡುವ 'ವಿಡಿಯೊಗೇಮ್ಸ್ ಆ್ಯಂಡ್ ಪೋಸ್ಟ್‌ಕಲೋನಿಯಲಿಸಂ' (2017) ಗ್ರಂಥಗಳನ್ನು ಪ್ರಕಟಿಸಿದ್ದಾರೆ. ನಕ್ಷೆಯನ್ನು ತೆರೆದು ನೆಲವನ್ನು ಆಕ್ರಮಿಸುತ್ತ ಹೋಗುವ ಸಾಮ್ರಾಜ್ಯದ ಆಟಗಳನ್ನು, ಒಮ್ಮೆ ಆಳಿಸಿಕೊಂಡ ದೇಶದ ಆಟಗಾರ ಆಡಿದಾಗ ಏನಾಗುತ್ತದೆ ಎಂಬುದು ಅವರ ಪ್ರಶ್ನೆಗಳಲ್ಲಿ ಒಂದು. ಜೂಲ್ಸ್ ವರ್ನ್‌ನ ಕಾದಂಬರಿಯನ್ನು ಆಧರಿಸಿ ಮೇಗ್ ಜಯಂತ್ ಬರೆದ '80 ಡೇಸ್' (2014) ಆಟವು ಇದಕ್ಕೆ ಸೃಜನಶೀಲ ಉತ್ತರದಂತಿದೆ. ಅಲ್ಲಿ ಆಟಗಾರನು ಯಜಮಾನ ಫಾಗ್ ಅಲ್ಲ, ಸೇವಕ ಪಾಸ್‌ಪಾರ್ಟು. ದಾರಿಯಲ್ಲಿ ಸಿಗುವ ನಾಡುಗಳ ಜನರು ಪ್ರಯಾಣಿಕನ ಕುತೂಹಲದ ವಸ್ತುಗಳಾಗಿರದೆ ತಮ್ಮದೇ ತಂತ್ರಜ್ಞಾನ, ತಮ್ಮದೇ ರಾಜಕೀಯವುಳ್ಳವರು.

ತಮಿಳು ಛಂದೋರೂಪವೊಂದರ ಹೆಸರನ್ನು ನಾಯಕಿಗೂ ಶೀರ್ಷಿಕೆಗೂ ಇಟ್ಟುಕೊಂಡಿರುವ 'ವೆಣ್ಬಾ' (2023) ಟೊರಾಂಟೊದಲ್ಲಿ ರಚಿತವಾದ ಕೃತಿ. 1988ರಲ್ಲಿ ಕೆನಡಾಕ್ಕೆ ವಲಸೆ ಬಂದ ತಮಿಳು ಕುಟುಂಬದಲ್ಲಿ ಮಗ ಬೆಳೆದಂತೆ ಮಾತೃಭಾಷೆಯಿಂದ ದೂರವಾಗುತ್ತಾನೆ. ತಾಯಿಯ ಹಳೆಯ ಅಡುಗೆ ಪುಸ್ತಕದ ಸಾಲುಗಳು ಅಳಿಸಿಹೋಗಿವೆ. ಯಾವುದರ ನಂತರ ಯಾವುದನ್ನು ಪಾತ್ರೆಗೆ ಹಾಕಬೇಕೆಂದು ಊಹಿಸಿ ಆಟಗಾರನು ಲುಪ್ತವಾದ ಸಾಲನ್ನು ತುಂಬಬೇಕು. ಹಸ್ತಪ್ರತಿಯಲ್ಲಿ ಹುಳು ತಿಂದ ಅಕ್ಷರಗಳನ್ನು ಊಹಿಸಿ ಪಾಠ ನಿರ್ಣಯಿಸುವ ಗ್ರಂಥಸಂಪಾದಕನ ಕೆಲಸಕ್ಕೂ ಇದಕ್ಕೂ ದೂರವಿಲ್ಲ, ಇಲ್ಲಿ ಶುದ್ಧಪಾಠವು ಇಡ್ಲಿಯಾಗಿ ಬೇಯುತ್ತದೆ ಎಂಬುದಷ್ಟೇ ವ್ಯತ್ಯಾಸ.

ಕರ್ನಾಟಕ ಸರ್ಕಾರವು 2012ರಲ್ಲಿಯೇ ಅನಿಮೇಷನ್, ದೃಶ್ಯ ಪರಿಣಾಮ, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಕ್ಕೆ ನೀತಿಯೊಂದನ್ನು ರೂಪಿಸಿತ್ತು; 2024ರಿಂದ 2029ರ ಅವಧಿಗೆ ಹೊಸ ನೀತಿ ಬಂದಿದೆ. ಇವುಗಳ ಒತ್ತು ಉದ್ಯಮ, ಉದ್ಯೋಗ ಮತ್ತು ತರಬೇತಿಯ ಮೇಲೆ. ದೊಡ್ಡ ವಾಣಿಜ್ಯ ಆಟಗಳು ಕನ್ನಡದಲ್ಲಿ ದೊರೆಯುವುದು ಅಪರೂಪವಾದ್ದರಿಂದ, ಕನ್ನಡ ತರಗತಿಯೊಂದರಲ್ಲಿ ಆಟವನ್ನು ಪಠ್ಯವಾಗಿಡಬೇಕಾದರೆ ಅದು ಅನುವಾದಿತ ಕೃತಿಯೂ ಅಲ್ಲದ ಪರಭಾಷಾ ಕೃತಿಯಾಗಿರುತ್ತದೆ. ಕ್ರಿಸ್ ಕ್ಲಿಮಾಸ್ 2009ರಲ್ಲಿ ರಚಿಸಿದ 'ಟ್ವೈನ್' ಎಂಬ ಉಚಿತ ತಂತ್ರಾಂಶದಿಂದ ಪ್ರೋಗ್ರಾಮಿಂಗ್ ತಿಳಿಯದವರೂ ಕವಲೊಡೆಯುವ ಕಥೆಗಳನ್ನು ಬರೆಯಬಹುದು. ಅದು ಸಾಮಾನ್ಯ ಜಾಲಪುಟವನ್ನೇ ತಯಾರಿಸುವುದರಿಂದ ಯೂನಿಕೋಡ್ ಕನ್ನಡದಲ್ಲಿ ಬರೆಯಲು ಅಡ್ಡಿಯಿಲ್ಲ.

ಕನ್ನಡದ 'ಆಟ' ಎಂಬ ಪದವೇ ಈ ಅಧ್ಯಯನಕ್ಕೆ ಒಂದು ಒಳನೋಟವನ್ನು ನೀಡಬಲ್ಲದು. ಬಯಲಾಟ, ದೊಡ್ಡಾಟ, ಸಣ್ಣಾಟಗಳೆಲ್ಲ ರಂಗಪ್ರಕಾರಗಳು. ಕರಾವಳಿಯಲ್ಲಿ 'ಆಟಕ್ಕೆ ಹೋಗುವುದು' ಎಂದರೆ ಯಕ್ಷಗಾನ ನೋಡಲು ಹೋಗುವುದು. ಚೆಂಡಾಟಕ್ಕೂ ಕಥೆಯ ಅಭಿನಯಕ್ಕೂ ಒಂದೇ ಪದವಿರುವ ಭಾಷೆಯಲ್ಲಿ ಆಟ ಮತ್ತು ಕಥನಗಳು ಪರಸ್ಪರ ವಿರುದ್ಧವೆಂಬ ವಾದವನ್ನು ಹೂಡುವುದೇ ಕಷ್ಟ. ಇನ್ನೂ ಮುಂದೆ ಹೋಗಿ ನೋಡಿದರೆ, ಯಕ್ಷಗಾನದಲ್ಲಿ ಪ್ರಸಂಗದ ಪದ್ಯಗಳು ಮೊದಲೇ ರಚಿತವಾಗಿರುತ್ತವೆ, ಅರ್ಥಗಾರಿಕೆ ಮಾತ್ರ ಕಲಾವಿದನು ಆ ಹೊತ್ತಿನಲ್ಲಿ ಎದುರಾಳಿಯ ಮಾತಿಗೆ ತಕ್ಕಂತೆ ಕಟ್ಟುವಂಥದು. ತಾಳಮದ್ದಳೆಯಲ್ಲಿ ವಾಲಿಯು ಕೊನೆಗೆ ಸಾಯುವುದು ಖಚಿತ. ಸಾಯುವ ಮೊದಲು ರಾಮನನ್ನು ಯಾವ ಪ್ರಶ್ನೆಗಳಿಂದ ಎಷ್ಟು ಹೊತ್ತು ಕಟ್ಟಿಹಾಕುತ್ತಾನೆ ಎಂಬುದು ಅಂದಿನ ಅರ್ಥಧಾರಿಗಳ ಮೇಲೆ ನಿಂತಿದೆ. ಸ್ಥಿರವಾದ ಚೌಕಟ್ಟು, ಅಸ್ಥಿರವಾದ ಪಠ್ಯ ಎಂಬ ಇದೇ ಸಂಬಂಧವನ್ನು ವಿವರಿಸಲು ಆರ್ಸೆತ್ ಹೊಸ ಪಾರಿಭಾಷಿಕ ಪದಗಳನ್ನು ಸೃಷ್ಟಿಸಬೇಕಾಯಿತು. ಹೋಲಿಕೆಗೆ ಮಿತಿಯೂ ಇದೆ: ಅರ್ಥಧಾರಿಯು ಸಭೆಯ ಮುಂದಿರುವ ನುರಿತ ಕಲಾವಿದ, ಆಟಗಾರನು ಬಹುತೇಕ ಒಂಟಿಯಾಗಿ ಕೂತ ಓದುಗ.

ಆಕ್ಷೇಪಗಳು ಮತ್ತು ಮನ್ನಣೆ

ಅಮೆರಿಕದ ಚಲನಚಿತ್ರ ವಿಮರ್ಶಕ ರೋಜರ್ ಈಬರ್ಟ್ 2010ರಲ್ಲಿ ವಿಡಿಯೊ ಗೇಮ್‌ಗಳು ಎಂದಿಗೂ ಕಲೆಯಾಗಲಾರವು ಎಂದು ಬರೆದದ್ದು ದೊಡ್ಡ ಕೋಲಾಹಲವನ್ನೆಬ್ಬಿಸಿತು. ಆದರೆ ಮರುವರ್ಷದ ಜೂನ್ 27ರಂದು ಅಮೆರಿಕದ ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಹೆಚ್ಚು ಪರಿಣಾಮಕಾರಿಯಾದುದು. ಹಿಂಸಾತ್ಮಕ ಆಟಗಳನ್ನು ಅಪ್ರಾಪ್ತ ವಯಸ್ಕರಿಗೆ ಮಾರುವುದನ್ನು ನಿಷೇಧಿಸಿದ್ದ ಕ್ಯಾಲಿಫೋರ್ನಿಯಾದ ಕಾಯಿದೆಯನ್ನು 7-2ರ ಬಹುಮತದಿಂದ ರದ್ದುಗೊಳಿಸಿದ ನ್ಯಾಯಾಲಯವು, ಪುಸ್ತಕ, ನಾಟಕ, ಸಿನಿಮಾಗಳಂತೆಯೇ ಆಟಗಳೂ ವಿಚಾರಗಳನ್ನು ಸಂವಹಿಸುತ್ತವೆ, ಆದ್ದರಿಂದ ಅವಕ್ಕೂ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆಯಿದೆ ಎಂದಿತು. ಸಾಹಿತ್ಯ ಪ್ರಶಸ್ತಿಗಳು ತಡವಾಗಿ ಹಿಂಬಾಲಿಸಿದವು. ವೈಜ್ಞಾನಿಕ ಕಥಾಸಾಹಿತ್ಯದ ನೆಬ್ಯುಲಾ ಪ್ರಶಸ್ತಿಯಲ್ಲಿ ಆಟದ ಬರವಣಿಗೆಯ ವಿಭಾಗಕ್ಕೆ 2019ರಲ್ಲಿ ಮೊದಲ ಬಾರಿ ಬಹುಮಾನ ನೀಡಲಾಯಿತು. ಹ್ಯೂಗೊ ಪ್ರಶಸ್ತಿ 2021ರಲ್ಲಿ ಒಮ್ಮೆ 'ಹೇಡೀಸ್' ಆಟಕ್ಕೆ ಸಂದಿತು, 2024ರಿಂದ ಅದಕ್ಕೆ ಪ್ರತ್ಯೇಕ ವಿಭಾಗವಿದೆ.

ಪಠ್ಯದ ಅಲಭ್ಯತೆ

ಈ ಅಧ್ಯಯನದ ಅತ್ಯಂತ ಗಂಭೀರವಾದ ತೊಂದರೆ ಸೈದ್ಧಾಂತಿಕವಾದುದಲ್ಲ. ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಈಗ ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲ. ಹಳೆಯ ಯಂತ್ರಗಳು ಕೆಡುತ್ತವೆ, ಡಿಸ್ಕುಗಳು ಹಾಳಾಗುತ್ತವೆ, ಕಂಪನಿಗಳು ಮುಚ್ಚುತ್ತವೆ, ಹಕ್ಕು ಯಾರದೆಂದು ತಿಳಿಯದಾಗುತ್ತದೆ. ಹಿಡೆಯೊ ಕೊಜಿಮಾ ಅವರ 'ಪಿ.ಟಿ.' ಎಂಬ ಸಣ್ಣ ಕೃತಿಯು 2014ರಲ್ಲಿ ಬಿಡುಗಡೆಯಾಗಿ, ಮರುವರ್ಷವೇ ಮಳಿಗೆಯಿಂದ ತೆಗೆದುಹಾಕಲ್ಪಟ್ಟಿತು; ಮೊದಲೇ ಇಳಿಸಿಕೊಂಡವರ ಯಂತ್ರಗಳಲ್ಲಷ್ಟೇ ಅದು ಉಳಿದಿದೆ. ಮೇಲೆ ಹೇಳಿದ 'ಸ್ಪೆಕ್ ಆಪ್ಸ್: ದ ಲೈನ್' ಕೂಡ ಪರವಾನಗಿಗಳ ಅವಧಿ ಮುಗಿದ ಕಾರಣದಿಂದ 2024ರ ಜನವರಿಯಲ್ಲಿ ಅಂತರಜಾಲ ಮಳಿಗೆಗಳ ಮಾರಾಟದಿಂದ ಹೊರಬಿತ್ತು. ಅದನ್ನು ಪಠ್ಯವಾಗಿಟ್ಟುಕೊಂಡ ಅಧ್ಯಾಪಕರು ಹೊಸ ವಿದ್ಯಾರ್ಥಿಗಳಿಗೆ ಬಳಸಿದ ಡಿಸ್ಕುಗಳನ್ನು ಹುಡುಕಿಕೊಳ್ಳಲು ಹೇಳಬೇಕಾಗುತ್ತದೆ.

ಗ್ರಂಥಾಲಯಗಳು ಸಂರಕ್ಷಿಸಿಟ್ಟ ಹಳೆಯ ಆಟಗಳನ್ನು ಸಂಶೋಧಕರು ದೂರದಿಂದಲೇ ಬಳಸಲು ಅನುಮತಿ ನೀಡಬೇಕೆಂಬ ಕೋರಿಕೆಯನ್ನು ಅಮೆರಿಕದ ಹಕ್ಕುಸ್ವಾಮ್ಯ ಕಚೇರಿಯು 2024ರ ಅಕ್ಟೋಬರ್‌ನಲ್ಲಿ ತಿರಸ್ಕರಿಸಿತು. ಸಂಶೋಧನೆಯ ಹೆಸರಿನಲ್ಲಿ ಜನರು ಮನರಂಜನೆಗಾಗಿ ಆಡಿಯಾರು ಎಂಬುದು ಉದ್ಯಮದ ಪ್ರತಿನಿಧಿಗಳು ಮುಂದಿಟ್ಟ ಆತಂಕವಾಗಿತ್ತು. ಸಂತೋಷಕ್ಕಾಗಿ ಓದುವವರಿದ್ದಾರೆಂಬ ಕಾರಣಕ್ಕೆ ಗ್ರಂಥಾಲಯದಲ್ಲಿ ಕಾದಂಬರಿಯನ್ನು ಬೀಗಹಾಕಿಡುವ ಪದ್ಧತಿ ಎಲ್ಲಿಯೂ ಇಲ್ಲ. ಸದ್ಯಕ್ಕೆ ಅಂಥ ಸಂಗ್ರಹದ ಹಳೆಯ ಆಟವೊಂದನ್ನು ನೋಡಬಯಸುವ ಧಾರವಾಡದ ಅಥವಾ ಮೈಸೂರಿನ ಸಂಶೋಧಕರು ಅದು ಇರುವ ಗ್ರಂಥಾಲಯದ ಕಟ್ಟಡಕ್ಕೇ ಹೋಗಬೇಕಾಗಿದೆ.